ಅಡಿಕೆಯ ವಿಚಾರಣೆ: ಕಂಪ್ಯೂಟರಿನೊಳಗಿನ ಜೀವಕೋಶ ಏನು ಹೇಳಬಲ್ಲದು?

ಕುಂದಾಪುರ: ರಾಷ್ಟ್ರೀಯ ಹೆದ್ದಾರಿ 66ರಿಂದ ಪೂರ್ವಕ್ಕೆ ಹೊರಳಿ ಶಂಕರನಾರಾಯಣ, ಸಿದ್ದಾಪುರ, ಅಮಾಸೆಬೈಲು ಅಥವಾ ಕೊಲ್ಲೂರಿನ ದಾರಿ ಹಿಡಿದರೆ ಬಯಲು ಗದ್ದೆಗಳು ಕಿರಿದಾಗುತ್ತ, ಅಡಿಕೆ ತೋಟಗಳು ಹೆಚ್ಚುತ್ತ ಹೋಗುತ್ತವೆ. ಮಳೆಗಾಲ ಕಳೆದ ಮೇಲೆ ಹಣ್ಣಡಿಕೆಯನ್ನು ಅಂಗಳದಲ್ಲಿ ಹರಡಿ, ಸುಮಾರು 40 ದಿನ ಬಿಸಿಲಿಗೆ ಒಣಗಿಸಿ, ಸುಲಿದು ಚಾಲಿ ಮಾಡಿ ಮಾರುವುದು ಇಲ್ಲಿನ ಕ್ರಮ. ಕುಂದಾಪುರ ಮತ್ತು ಬೈಂದೂರು ತಾಲ್ಲೂಕುಗಳ ಘಟ್ಟದ ಬುಡದಲ್ಲಿ, ಬ್ರಹ್ಮಾವರದ ಒಳನಾಡಿನಲ್ಲಿ ಮಗಳ ಮದುವೆ, ಮಗನ ಓದು, ಮನೆಯ ಮಾಡಿನ ದುರಸ್ತಿ ಎಲ್ಲವೂ ಈ ಅಂಗಳದ ಲೆಕ್ಕಕ್ಕೆ ಸೇರಿದವು. ನಾಗಮಂಡಲಕ್ಕೆ ಸಿಂಗಾರ, ಶುಭಕಾರ್ಯಕ್ಕೆ ವೀಳ್ಯ, ಊಟದ ನಂತರ ಕವಳ ಇಲ್ಲದ ಬದುಕನ್ನು ಇಲ್ಲಿನ ಹಿರಿಯರು ಊಹಿಸಲಾರರು.

ಇಂಥ ಅಂಗಳಗಳಿಗೆ 2024ರ ಕೊನೆಯಲ್ಲಿ ಒಂದು ಆತಂಕದ ಸುದ್ದಿ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಅಂದರೆ ಐಎಆರ್‌ಸಿಯ ವಿಜ್ಞಾನಿಗಳು ‘ಲ್ಯಾನ್ಸೆಟ್ ಆಂಕಾಲಜಿ’ ಪತ್ರಿಕೆಯಲ್ಲಿ ಒಂದು ಅಂದಾಜು ಪ್ರಕಟಿಸಿದರು. 2022ರಲ್ಲಿ ಜಗತ್ತಿನಾದ್ಯಂತ ಕಂಡುಬಂದ 3,89,800 ಬಾಯಿ ಕ್ಯಾನ್ಸರ್ ಪ್ರಕರಣಗಳ ಪೈಕಿ 1,20,200 ಪ್ರಕರಣಗಳಿಗೆ ಹೊಗೆರಹಿತ ತಂಬಾಕು ಅಥವಾ ಅಡಿಕೆಯ ಸೇವನೆಯೇ ಕಾರಣ. ಅವುಗಳಲ್ಲಿ ಭಾರತದ ಪಾಲು 83,400 ಎಂಬುದು ಆ ಅಂದಾಜು. ಮಂಗಳೂರಿನ ಕ್ಯಾಂಪ್ಕೊ ಸೇರಿದಂತೆ ಬೆಳೆಗಾರರ ಸಂಘಟನೆಗಳು ಆಕ್ಷೇಪವೆತ್ತಿದವು. 2025ರ ಜನವರಿಯಲ್ಲಿ ಶಿವಮೊಗ್ಗ ಜಿಲ್ಲೆಗೆ ಬಂದಿದ್ದ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್, ಅಡಿಕೆ ಮತ್ತು ಕ್ಯಾನ್ಸರ್ ನಡುವಣ ಸಂಬಂಧದ ಬಗ್ಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೂಲಕ ಸಂಶೋಧನೆ ನಡೆಸುವುದಾಗಿ ಹೇಳಿದರು.

ಸಂಶೋಧನೆ ಆಗಲಿ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಬಗೆಯ ಸಂಶೋಧನೆ? ರೋಗಿಗಳ ಸಮೀಕ್ಷೆ ಒಂದು ದಾರಿ, ಇಲಿಗಳ ಮೇಲಿನ ಪ್ರಯೋಗ ಇನ್ನೊಂದು, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮಾನವ ಕೋಶಗಳು ಮೂರನೆಯದು. ಈ ಮೂರರ ಜೊತೆಗೆ ನಾಲ್ಕನೆಯ ದಾರಿಯೊಂದು ತೆರೆದು ಕೆಲವು ದಶಕಗಳಾಗಿವೆ. ಜೀವಕೋಶದ ನಡವಳಿಕೆಯನ್ನೇ ಸಮೀಕರಣಗಳಲ್ಲಿ ಬರೆದು ಕಂಪ್ಯೂಟರಿನಲ್ಲಿ ಓಡಿಸುವುದು ಆ ದಾರಿ. ಅಡಿಕೆಯ ಕುರಿತ ಚರ್ಚೆಯಲ್ಲಿ ಇದುವರೆಗೆ ಅದರ ಹೆಸರು ಕೇಳಿದವರು ಕಡಿಮೆ. ಈ ಚರ್ಚೆಗೆ ಬೇಕಾದ ಎರಡು ತುಂಡುಗಳು ಬೆಂಗಳೂರಿನ ಒಂದೇ ಸಂಸ್ಥೆಯ ಆವರಣದಲ್ಲಿ ಸಿದ್ಧವಾಗಿವೆ ಎಂಬುದು ಈ ಲೇಖನಕ್ಕೆ ಪ್ರೇರಣೆ.

‘ಗುಂಪು 1’ ಎಂದರೇನು?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ಐಎಆರ್‌ಸಿ 1985ರಲ್ಲಿ ತಂಬಾಕು ಸೇರಿದ ಎಲೆಯಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು ಗುರುತಿಸಿತು. ತಂಬಾಕು ಸೇರದ ಎಲೆಯಡಿಕೆಯ ಬಗ್ಗೆ ಆಗ ಸಾಕಷ್ಟು ಪುರಾವೆ ಇರಲಿಲ್ಲ. 2004ರಲ್ಲಿ ಪ್ರಕಟವಾದ 85ನೆಯ ಸಂಪುಟದಲ್ಲಿ ತಂಬಾಕುರಹಿತ ಎಲೆಯಡಿಕೆಯೂ ಅಡಿಕೆಯೂ ಗುಂಪು 1ಕ್ಕೆ ಸೇರಿದವು. ಈ ಗುಂಪು ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆಯೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಮದ್ಯ, ಸಂಸ್ಕರಿತ ಮಾಂಸ, ಸೂರ್ಯನ ಕಿರಣ ಕೂಡ ಇದೇ ಗುಂಪಿನಲ್ಲಿವೆ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಅಡಿಕೆಯ ಮುಖ್ಯ ಕ್ಷಾರವಸ್ತುವಾದ ಅರೆಕೊಲಿನ್ ಒಂದನ್ನೇ ಬೇರ್ಪಡಿಸಿ ಪರಿಶೀಲಿಸಿದಾಗ, ಅದೇ ಸಂಸ್ಥೆ ಅದನ್ನು ಇರಿಸಿದ್ದು ಗುಂಪು 2ಬಿಯಲ್ಲಿ, ಅಂದರೆ ‘ಕ್ಯಾನ್ಸರ್‌ಕಾರಕ ಇರಬಹುದು’ ಎಂಬ ವರ್ಗದಲ್ಲಿ. ಇಡೀ ಅಡಿಕೆಯ ಮೇಲಿನ ತೀರ್ಪು ಖಚಿತ, ಅದರೊಳಗಿನ ಪ್ರಮುಖ ವಸ್ತುವಿನ ಮೇಲಿನದು ಅಷ್ಟು ಖಚಿತವಲ್ಲ. ಹಾಗಾದರೆ ಕೆಲಸ ಮಾಡುತ್ತಿರುವುದು ಯಾವುದು? ಟ್ಯಾನಿನ್‌ಗಳೇ, ಬೇರೆ ಕ್ಷಾರವಸ್ತುಗಳೇ, ಜೊಲ್ಲಿನಲ್ಲಿ ಹುಟ್ಟುವ ನೈಟ್ರೊಸಮೀನ್‌ಗಳೇ, ಸುಣ್ಣದೊಂದಿಗಿನ ರಾಸಾಯನಿಕ ಕ್ರಿಯೆಯೇ, ಅಥವಾ ಇವೆಲ್ಲವುಗಳ ಕೂಟವೇ?

ಬೆಳೆಗಾರರ ವಾದ ಸರಳವಾದುದು: ದೋಷ ತಂಬಾಕಿನದು, ಅಡಿಕೆಗೆ ಕೆಟ್ಟ ಹೆಸರು. ಈ ವಾದಕ್ಕೆ ತೈವಾನ್ ಅಡ್ಡ ಬರುತ್ತದೆ. ಅಲ್ಲಿನವರು ಅಡಿಕೆಯನ್ನು ತಂಬಾಕಿಲ್ಲದೆಯೇ ಜಗಿಯುತ್ತಾರೆ, ಆದರೂ ಅಲ್ಲಿ ಜಗಿಯುವವರಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚು. 2004ರ ತೀರ್ಮಾನಕ್ಕೆ ಅಲ್ಲಿಂದ ಬಂದ ಅಧ್ಯಯನಗಳು ಬಹುಮುಖ್ಯ ಆಧಾರವಾದವು. ಇದನ್ನು ಮುಚ್ಚಿಟ್ಟು ಮಾತಾಡುವುದರಿಂದ ಬೆಳೆಗಾರರಿಗೆ ಲಾಭವಿಲ್ಲ. ಆದರೆ ತೈವಾನಿನಲ್ಲಿ ಜಗಿಯುವುದು ಬಲಿಯದ ಹಸಿರು ಕಾಯಿಯನ್ನು. ನಮ್ಮ ಅಂಗಳದಲ್ಲಿ ಒಣಗುವುದು ಪೂರ್ತಿ ಹಣ್ಣಾದ ಅಡಿಕೆ. ಎಳೆಯ ಕಾಯಿಯಲ್ಲಿ ಟ್ಯಾನಿನ್ ಹೆಚ್ಚು, ಹಣ್ಣಾಗುತ್ತ ಬಂದಂತೆ ಅದು ಇಳಿಯುತ್ತದೆ. ಈ ವ್ಯತ್ಯಾಸ ಬಾಯಿಯ ಕೋಶಕ್ಕೆ ಮುಖ್ಯವೇ, ಅಲ್ಲವೇ? ಭಾಷಣಗಳಿಂದ ಇತ್ಯರ್ಥವಾಗುವ ಪ್ರಶ್ನೆ ಇದಲ್ಲ.

ಸಮೀಕರಣಗಳಲ್ಲಿ ಒಂದು ಕೋಶ

ತೋಟದ ಬಾವಿಯ ಲೆಕ್ಕ ಗೊತ್ತಿದ್ದವರಿಗೆ ಕೋಶದ ಗಣಿತ ಕಷ್ಟವೇನಲ್ಲ. ಒರತೆಯಿಂದ ಗಂಟೆಗೆ ಇಷ್ಟು ನೀರು ಬರುತ್ತದೆ, ಪಂಪು ಇಷ್ಟು ಎತ್ತುತ್ತದೆ. ಬಂದದ್ದರಲ್ಲಿ ಹೋದದ್ದನ್ನು ಕಳೆದರೆ ಮಟ್ಟ ಏರುತ್ತದೆಯೋ ಇಳಿಯುತ್ತದೆಯೋ ತಿಳಿಯುತ್ತದೆ. ಜೀವಕೋಶದಲ್ಲಿ ಪ್ರತಿಯೊಂದು ಪ್ರೋಟೀನಿಗೂ ಇಂಥದೇ ಒಂದು ಬಾವಿ ಇದೆ ಎಂದುಕೊಳ್ಳಬಹುದು. ತಯಾರಾಗುವ ವೇಗದಲ್ಲಿ ನಾಶವಾಗುವ ವೇಗವನ್ನು ಕಳೆದರೆ ಅದರ ಪ್ರಮಾಣ ಹೇಗೆ ಬದಲಾಗುತ್ತದೆ ಎಂಬ ಸಮೀಕರಣ ಸಿಗುತ್ತದೆ. ತೊಡಕು ಇರುವುದು ಇನ್ನೊಂದು ಕಡೆ. ಒಂದು ಬಾವಿಯ ಮಟ್ಟ ಇನ್ನೊಂದರ ಒರತೆಯನ್ನು ಹೆಚ್ಚಿಸಬಹುದು, ಮತ್ತೊಂದರದನ್ನು ಬತ್ತಿಸಬಹುದು. ಹತ್ತಾರು ಬಾವಿಗಳು ಹೀಗೆ ಒಂದಕ್ಕೊಂದು ಹೆಣೆದುಕೊಂಡಾಗ ಮನುಷ್ಯನ ಅಂದಾಜು ಸೋಲುತ್ತದೆ, ಕಂಪ್ಯೂಟರ್ ಬೇಕಾಗುತ್ತದೆ.

ಈ ವಿದ್ಯೆಗೆ ಎಪ್ಪತ್ತು ವರ್ಷಗಳಿಗೂ ಹೆಚ್ಚಿನ ಇತಿಹಾಸವಿದೆ. 1952ರಲ್ಲಿ ಬ್ರಿಟನ್ನಿನ ಹಾಜ್‌ಕಿನ್ ಮತ್ತು ಹಕ್ಸ್‌ಲಿ ನರತಂತುವಿನಲ್ಲಿ ವಿದ್ಯುತ್ ಸಂಕೇತ ಹರಿಯುವ ಬಗೆಯನ್ನು ಸಮೀಕರಣಗಳಲ್ಲಿ ಬರೆದರು. 1963ರಲ್ಲಿ ಅವರಿಗೆ ನೊಬೆಲ್ ಬಂತು. 1960ರಲ್ಲಿ ಡೆನಿಸ್ ನೋಬಲ್ ಹೃದಯದ ಕೋಶಕ್ಕೆ ಅದೇ ವಿಧಾನವನ್ನು ಒಯ್ದರು. 1999ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧ, ಕೋಶದೊಳಗಿನ ಸಂಕೇತ ಜಾಲಗಳು ಒಂದಕ್ಕೊಂದು ಕೂಡಿದಾಗ ಬಿಡಿಬಿಡಿಯಾಗಿ ಇಲ್ಲದ ಗುಣಗಳು ಹೊಮ್ಮುತ್ತವೆ ಎಂಬುದನ್ನು ಗಣಿತದಿಂದ ತೋರಿಸಿತು. ಅದನ್ನು ಬರೆದ ಇಬ್ಬರಲ್ಲಿ ಒಬ್ಬರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಪಿಂದರ್ ಭಲ್ಲಾ. 2012ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಕೇವಲ 525 ಜೀನುಗಳಿರುವ ಬ್ಯಾಕ್ಟೀರಿಯವೊಂದರ ಇಡೀ ಬದುಕನ್ನೇ ಕಂಪ್ಯೂಟರಿನಲ್ಲಿ ಓಡಿಸಿತು. ಮನುಷ್ಯನ ಕೋಶದಲ್ಲಿ ಪ್ರೋಟೀನ್ ತಯಾರಿಸುವ ಜೀನುಗಳೇ ಸುಮಾರು 20,000. ಇಡೀ ಮಾನವ ಕೋಶದ ಪೂರ್ಣ ಮಾದರಿ ಇನ್ನೂ ಯಾರ ಕೈಯಲ್ಲೂ ಇಲ್ಲ. ಇರುವುದು ಒಂದೊಂದು ನಿರ್ದಿಷ್ಟ ಪ್ರಶ್ನೆಗೆ ಉತ್ತರ ಹುಡುಕುವ ತುಂಡು ಮಾದರಿಗಳು.

ಬೆಂಗಳೂರಿನ ಎರಡು ತುಂಡುಗಳು

ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಕೊಂಡಯ್ಯ ಅವರ ತಂಡ ಅಡಿಕೆಯನ್ನೇ ಪ್ರಯೋಗಾಲಯಕ್ಕೆ ತಂದಿತ್ತು. ಅಡಿಕೆ ಜಗಿಯುವವರಲ್ಲಿ ಕಾಣುವ, ಕೆನ್ನೆಯ ಒಳಪದರ ಬಿಳಿಚಿ, ಬಿಗಿದು, ಕೊನೆಗೆ ಬಾಯಿ ತೆರೆಯುವುದೇ ಕಷ್ಟವಾಗುವ ಕಾಯಿಲೆಯೊಂದಿದೆ. ವೈದ್ಯರು ಅದನ್ನು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಅದು ಕ್ಯಾನ್ಸರಿಗೆ ಮುಂಚಿನ ಸ್ಥಿತಿ ಎಂದು ಪರಿಗಣಿತವಾಗಿದೆ. 2012ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಪ್ರಕಟವಾದ ಈ ತಂಡದ ಪ್ರಬಂಧ, ಅಡಿಕೆಯ ಸಾರವೂ ಅದರ ಘಟಕಗಳೂ ಹೊದಿಕೆ ಕೋಶಗಳಲ್ಲಿ ಟಿಜಿಎಫ್-ಬೀಟಾ ಎಂಬ ಸಂಕೇತ ಮಾರ್ಗವನ್ನು ಚುರುಕುಗೊಳಿಸುತ್ತವೆ ಎಂದು ತೋರಿಸಿತು. 2015ರ ಪ್ರಬಂಧ ಮುಂದಿನ ಹೆಜ್ಜೆ ಇಟ್ಟಿತು. ಅಡಿಕೆಯಿಂದ ಕೆರಳಿದ ಹೊದಿಕೆ ಕೋಶಗಳು ಹೊರಸೂಸುವ ಸಂಕೇತದಿಂದಾಗಿ, ಅವುಗಳ ಕೆಳಗಿರುವ, ನಾರು ನೇಯುವ ಫೈಬ್ರೊಬ್ಲಾಸ್ಟ್ ಕೋಶಗಳು ಎಚ್ಚೆತ್ತುಕೊಳ್ಳುತ್ತವೆ ಎಂಬುದು ಅದರ ತಿರುಳು. ಮೇಲಿನ ಮನೆಯವರಿಗೆ ಆದ ಕಿರುಕುಳ ಕೆಳಗಿನ ಮನೆಯವರನ್ನು ಕೆಲಸಕ್ಕೆ ಹಚ್ಚಿದ ಹಾಗೆ.

ಎರಡನೆಯ ತುಂಡು ಗಣಿತದ್ದು. 2018ರಲ್ಲಿ ಅದೇ ವಿಜ್ಞಾನ ಸಂಸ್ಥೆಗೆ ಬಂದ ಮೋಹಿತ್ ಕುಮಾರ್ ಜಾಲಿ ಜೈವಿಕ ಎಂಜಿನಿಯರಿಂಗ್ ಕ್ಷೇತ್ರದವರು. ಕ್ಯಾನ್ಸರ್ ಕೋಶಗಳು ತಮ್ಮ ಸ್ವಭಾವವನ್ನೇ ಬದಲಿಸಿಕೊಳ್ಳುವ ಬಗೆಯನ್ನು ಸಮೀಕರಣಗಳ ಮೂಲಕ ಅಧ್ಯಯನ ಮಾಡುವುದು ಅವರ ತಂಡದ ಮುಖ್ಯ ಕೆಲಸ. ನೆಲಕ್ಕೆ ಹಾಸಿದ ಹಂಚಿನಂತೆ ಒಂದಕ್ಕೊಂದು ಅಂಟಿಕೊಂಡು ಕೂರುವ ಹೊದಿಕೆ ಕೋಶ, ಸಂದರ್ಭ ಬಂದಾಗ ಆ ಅಂಟು ಬಿಡಿಸಿಕೊಂಡು ಅಲೆಮಾರಿಯಾಗುತ್ತದೆ. ಗಾಯ ಮಾಯಲು, ಭ್ರೂಣ ಬೆಳೆಯಲು ಇದು ಬೇಕು. ಕ್ಯಾನ್ಸರ್ ದೇಹದ ಬೇರೆಡೆಗೆ ಹರಡುವುದಕ್ಕೂ ಇದೇ ಸಾಮರ್ಥ್ಯ ಬಳಕೆಯಾಗುತ್ತದೆ. ಈ ಬದಲಾವಣೆಯನ್ನು ಪ್ರಚೋದಿಸುವ ಪ್ರಮುಖ ಸಂಕೇತಗಳಲ್ಲಿ ಒಂದು ಯಾವುದು? ಅದೇ ಟಿಜಿಎಫ್-ಬೀಟಾ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಜಾಲಿಯವರ ಮಾದರಿ ಅಡಿಕೆಗಾಗಿ ಬರೆದದ್ದಲ್ಲ. ಕೊಂಡಯ್ಯನವರ ತಂಡದ ಕೆಲಸ ಸಮೀಕರಣ ಬರೆಯುವುದಾಗಿರಲಿಲ್ಲ. ಒಂದರ ಕೊನೆಯ ಪುಟದಲ್ಲಿರುವ ಸಂಕೇತವೇ ಇನ್ನೊಂದರ ಮೊದಲ ಪುಟದಲ್ಲಿದೆ ಎಂಬುದು ಈ ವರದಿಗಾರನ ಗಮನಕ್ಕೆ ಬಂದ ಸಂಗತಿ. ಎರಡನ್ನೂ ಜೋಡಿಸುವುದು ವಿಜ್ಞಾನಿಗಳ ಕೆಲಸ.

ಹಾಲು ಮೊಸರಾದ ಮೇಲೆ

ಈ ಮಾದರಿಗಳು ಹೇಳುವ ಅತ್ಯಂತ ಮುಖ್ಯವಾದ ಮಾತನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಜಗಿಯುವವನಿಗೂ ಬೆಳೆಯುವವನಿಗೂ ಅದು ಸಂಬಂಧಿಸಿದ್ದು.

ಹೊದಿಕೆ ಕೋಶದಲ್ಲಿ ಜೆಬ್ ಎಂಬ ಪ್ರೋಟೀನ್ ಮತ್ತು ಮೈಕ್ರೊ ಆರ್‌ಎನ್‌ಎ-200 ಎಂಬ ಸಣ್ಣ ಅಣು ಪರಸ್ಪರ ವೈರಿಗಳು. ಒಂದು ಹೆಚ್ಚಾದರೆ ಇನ್ನೊಂದನ್ನು ಅದುಮುತ್ತದೆ. ಮೈಕ್ರೊ ಆರ್‌ಎನ್‌ಎ ಗೆದ್ದಿರುವಷ್ಟು ಕಾಲ ಕೋಶ ಜಾಗ ಬಿಟ್ಟು ಕದಲುವುದಿಲ್ಲ. ಜೆಬ್ ಗೆದ್ದರೆ ಅಲೆಮಾರಿಯಾಗುತ್ತದೆ. 2013ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ಲೆವಿನ್, ಹೋಸೆ ಒನುಚಿಕ್ ಮೊದಲಾದವರ ತಂಡದಲ್ಲಿದ್ದ ಜಾಲಿ ಮತ್ತು ಸಂಗಡಿಗರು ಈ ಕಾದಾಟವನ್ನು ಸಮೀಕರಣಗಳಲ್ಲಿ ಬರೆದು ನೋಡಿದಾಗ ಮೂರನೆಯ ಸ್ಥಿತಿಯೊಂದು ಕಂಡಿತು: ಅರ್ಧ ಅಂಟಿಕೊಂಡ, ಅರ್ಧ ಅಲೆಯುವ ಮಿಶ್ರಸ್ಥಿತಿ. ಇಂಥ ಕೋಶಗಳು ಗುಂಪುಗೂಡಿ ಚಲಿಸಬಲ್ಲವು. 2016ರಲ್ಲಿ ಅದೇ ತಂಡ ಇನ್ನೂ ಮುಂದೆ ಹೋಗಿ, ಮಿಶ್ರಸ್ಥಿತಿಯನ್ನು ಹಿಡಿದು ನಿಲ್ಲಿಸುವ ಪ್ರೋಟೀನುಗಳು ಯಾವುವು ಎಂದು ಲೆಕ್ಕ ಹಾಕಿತು. ಶ್ವಾಸಕೋಶದ ಕ್ಯಾನ್ಸರ್ ಕೋಶಗಳಲ್ಲಿ ಆ ಪ್ರೋಟೀನುಗಳನ್ನು ತಗ್ಗಿಸಿ ನೋಡಿದಾಗ, ಲೆಕ್ಕ ಹೇಳಿದಂತೆಯೇ ಕೋಶಗಳು ಪೂರ್ತಿ ಅಲೆಮಾರಿಗಳಾದವು. ಕಾಗದದ ಮೇಲಿನ ಗಣಿತ ಮೊದಲು ನುಡಿದು, ಪ್ರಯೋಗಾಲಯ ಆಮೇಲೆ ಒಪ್ಪಿಕೊಂಡ ಉದಾಹರಣೆ ಇದು.

ಇಂಥ ಜಾಲಗಳಿಗೆ ಇನ್ನೊಂದು ಗುಣವಿದೆ. ಪ್ರಚೋದನೆ ಸ್ವಲ್ಪ ಸ್ವಲ್ಪವೇ ಹೆಚ್ಚಿದರೂ ಕೋಶ ಸ್ವಲ್ಪ ಸ್ವಲ್ಪವೇ ಬದಲಾಗುವುದಿಲ್ಲ. ಬಹಳ ಹೊತ್ತು ಏನೂ ಆಗದಂತೆ ಇದ್ದು, ಒಂದು ಮಿತಿ ದಾಟಿದೊಡನೆ ಸ್ಥಿತಿ ಪಲ್ಲಟವಾಗುತ್ತದೆ. ಆಮೇಲೆ ಪ್ರಚೋದನೆಯನ್ನು ಅದೇ ಮಿತಿಗೆ ಇಳಿಸಿದರೂ ಕೋಶ ಹಿಂದಿರುಗುವುದಿಲ್ಲ. ಅದಕ್ಕಿಂತಲೂ ಬಹಳ ಕೆಳಗೆ ಇಳಿಸಬೇಕಾಗುತ್ತದೆ, ಕೆಲವೊಮ್ಮೆ ಅದೂ ಸಾಲದು. ಹಾಲಿಗೆ ಹೆಪ್ಪು ಹಾಕಿದ ಮೇಲೆ ಹೆಪ್ಪನ್ನು ತೆಗೆದುಬಿಟ್ಟರೆ ಮೊಸರು ಹಾಲಾಗುವುದಿಲ್ಲವಲ್ಲ, ಹಾಗೆ. 2014ರಲ್ಲಿ ‘ಸೈನ್ಸ್ ಸಿಗ್ನಲಿಂಗ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಸ್ತನದ ಹೊದಿಕೆ ಕೋಶಗಳಿಗೆ ಟಿಜಿಎಫ್-ಬೀಟಾ ಕೊಟ್ಟಾಗ ಬದಲಾವಣೆ ಎರಡು ಮೆಟ್ಟಿಲುಗಳಲ್ಲಿ ನಡೆಯುತ್ತದೆ, ಮೊದಲ ಮೆಟ್ಟಿಲಿನಿಂದ ಹಿಂದೆ ಬರಲು ಸಾಧ್ಯ, ಎರಡನೆಯದರಿಂದ ಬರುವುದು ಕಠಿಣ ಎಂದು ತೋರಿಸಿತು. 2018ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ನಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ, ಹೀಗೆ ಹಿಂದಿರುಗಲೊಲ್ಲದ ಜಿಗುಟುತನಕ್ಕೂ ಕ್ಯಾನ್ಸರ್ ಹರಡುವ ಸಾಮರ್ಥ್ಯಕ್ಕೂ ನಂಟಿದೆ ಎಂದಿತು.

ಈಗ ಬಾಯಿ ಬಿಗಿಯುವ ಕಾಯಿಲೆಯನ್ನು ನೆನಪಿಸಿಕೊಳ್ಳಿ. ಅಡಿಕೆ ಬಿಟ್ಟ ಮೇಲೂ ಆ ಕಾಯಿಲೆ ತಾನಾಗಿ ಮಾಯವಾಗುವುದು ಅಪರೂಪ ಎಂಬುದು ದಂತವೈದ್ಯರ ದೀರ್ಘಕಾಲದ ಅನುಭವ. ಅದಕ್ಕೆ ಕಾರಣ ನಾರು ಗಟ್ಟಿಯಾಗಿಬಿಡುವುದೋ, ಕೋಶಗಳೇ ಹಿಂದಿರುಗಲಾರದ ಮೆಟ್ಟಿಲು ಏರಿರುವುದೋ, ಎರಡೂ ಹೌದೋ? ಮಾದರಿಯೊಂದು ಈ ಪ್ರಶ್ನೆಯನ್ನು ಬಿಡಿಸಿ ಕೇಳಬಲ್ಲದು. ದಿನಕ್ಕೆ ಎರಡು ಬಾರಿ, ಊಟವಾದ ಮೇಲೆ, ಐದು ನಿಮಿಷ ಜಗಿದು ಉಗಿಯುವ ಅಜ್ಜನ ಕವಳಕ್ಕೂ, ಬೆಳಗಿನಿಂದ ರಾತ್ರಿಯವರೆಗೆ ಕೆನ್ನೆಯ ಸಂದಿಯಲ್ಲಿ ಪಾನ್ ಮಸಾಲ ಒತ್ತಿಕೊಂಡಿರುವ ಯುವಕನ ಅಭ್ಯಾಸಕ್ಕೂ ಕೋಶದ ಮಟ್ಟದಲ್ಲಿ ಇರುವ ಅಂತರವನ್ನು ಅಳೆಯುವ ಸಾಧನವಾಗಬಲ್ಲದು. ಮಿತಿ ಎಂಬುದೊಂದು ಇದ್ದಲ್ಲಿ ಪ್ರಮಾಣ ಮತ್ತು ಅವಧಿ ಎರಡೂ ನಿರ್ಣಾಯಕವಾಗುತ್ತವೆ. ಅಜ್ಜ ಆ ಮಿತಿಯ ಕೆಳಗೇ ಇದ್ದರು ಎಂದು ಇದರಿಂದ ಯಾರೂ ತೀರ್ಮಾನಿಸಿಕೊಳ್ಳಬಾರದು. ಮಿತಿ ಎಲ್ಲಿದೆ ಎಂಬುದೇ ಅಳೆಯಬೇಕಾದ ವಿಷಯ.

ಚಾಲಿ, ಕೆಂಪು, ಸುಣ್ಣ

ಕರಾವಳಿಯ ಚಾಲಿ ಬಿಸಿಲಿನಲ್ಲಿ ಒಣಗಿದ ಹಣ್ಣಡಿಕೆ. ಘಟ್ಟದ ಮೇಲಿನ ಕೆಂಪಡಿಕೆ ಬಲಿಯುವ ಮೊದಲೇ ಕೊಯ್ದು, ಸುಲಿದು, ಬೇಯಿಸಿ ಒಣಗಿಸಿದ್ದು. ಎರಡರ ರಾಸಾಯನಿಕ ಪಾಕ ಒಂದೇ ಅಲ್ಲ. ಜಗಿಯುವಾಗ ಸೇರುವ ಸುಣ್ಣ ಅರೆಕೊಲಿನನ್ನು ಅರೆಕೈಡಿನ್ ಎಂಬ ಇನ್ನೊಂದು ವಸ್ತುವಾಗಿ ಪರಿವರ್ತಿಸುತ್ತದೆ. ಸುಣ್ಣದ ಕ್ಷಾರತೆಯಲ್ಲಿ ಅಡಿಕೆಯ ಟ್ಯಾನಿನ್‌ಗಳಿಂದ ಕೋಶಕ್ಕೆ ಹಾನಿ ಮಾಡುವ ಆಮ್ಲಜನಕದ ಕಣಗಳು ಹುಟ್ಟುತ್ತವೆ. ವೀಳ್ಯದೆಲೆಯಲ್ಲಿ ರಕ್ಷಣಾತ್ಮಕವೆಂದು ಕೆಲವು ಪ್ರಯೋಗಗಳು ಹೇಳುವ ಅಂಶಗಳಿವೆ. ತಂಬಾಕು ಸೇರಿದರೆ ಕಥೆ ಸಂಪೂರ್ಣ ಬೇರೆ.

ಒಂದೊಂದನ್ನೂ ಒಂದೊಂದು ಪ್ರಮಾಣದಲ್ಲಿ, ಒಂದೊಂದು ಅವಧಿಗೆ, ಎಲ್ಲ ಜೋಡಣೆಗಳಲ್ಲಿ ಪರೀಕ್ಷಿಸುತ್ತ ಹೋದರೆ ಪ್ರಯೋಗಗಳ ಸಂಖ್ಯೆ ಸಾವಿರಗಳನ್ನು ದಾಟುತ್ತದೆ. ಕಂಪ್ಯೂಟರ್ ಮಾದರಿ ಉಪಯೋಗಕ್ಕೆ ಬರುವುದು ಇಲ್ಲಿಯೇ. ಸಾವಿರ ಜೋಡಣೆಗಳನ್ನು ಅದರಲ್ಲಿ ಓಡಿಸಿ, ನಿಜಕ್ಕೂ ವ್ಯತ್ಯಾಸ ತರಬಹುದಾದ ಇಪ್ಪತ್ತನ್ನು ಆರಿಸಿ, ಅವನ್ನು ಮಾತ್ರ ಪ್ರಯೋಗಾಲಯಕ್ಕೆ ಒಯ್ಯಬಹುದು. ಹಣ ಉಳಿಯುತ್ತದೆ, ಇಲಿಗಳೂ ಉಳಿಯುತ್ತವೆ. ಔಷಧ ಕ್ಷೇತ್ರದಲ್ಲಿ ಇದಕ್ಕೆ ಕಾನೂನಿನ ಮನ್ನಣೆಯೂ ಸಿಕ್ಕಿದೆ. ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಹೊಸ ಔಷಧಗಳ ನಿಯಮಾವಳಿಗೆ ತಿದ್ದುಪಡಿ ತಂದು, ಪ್ರಾಣಿಗಳ ಮೇಲಿನ ಪ್ರಯೋಗಗಳ ಜಾಗದಲ್ಲಿ ಕೋಶಾಧಾರಿತ ಪರೀಕ್ಷೆ, ಪ್ರಯೋಗಾಲಯದಲ್ಲಿ ಬೆಳೆಸಿದ ಕಿರು ಅಂಗಾಂಶ, ಕಂಪ್ಯೂಟರ್ ಮಾದರಿಗಳಿಗೆ ಅವಕಾಶ ಕಲ್ಪಿಸಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ಏಪ್ರಿಲ್‌ನಲ್ಲಿ ಕೆಲವು ಬಗೆಯ ಔಷಧಗಳಿಗೆ ಇದೇ ದಿಕ್ಕಿನ ಯೋಜನೆ ಪ್ರಕಟಿಸಿತು.

ಇದೆಲ್ಲ ಕೇಳಿ ‘ಹಾಗಾದರೆ ಕಂಪ್ಯೂಟರ್ ಅಡಿಕೆಯನ್ನು ಖುಲಾಸೆ ಮಾಡಲಿ’ ಎಂದು ಯಾರಾದರೂ ಹೊರಟರೆ ನಿರಾಶೆ ಖಂಡಿತ. ಒಂದು ಕೋಶದ ಮಾದರಿ ಒಂದು ಊರಿನ ಕ್ಯಾನ್ಸರ್ ಪ್ರಮಾಣವನ್ನು ಹೇಳುವುದಿಲ್ಲ. ಕೋಶದಿಂದ ಅಂಗಾಂಶಕ್ಕೆ, ಅಂಗಾಂಶದಿಂದ ದೇಹಕ್ಕೆ, ದೇಹದಿಂದ ಸಮುದಾಯಕ್ಕೆ ಇರುವ ದಾರಿ ಉದ್ದವಾದುದು. ಜನರ ನಡುವೆ ವರ್ಷಗಟ್ಟಲೆ ನಡೆದ ಸಮೀಕ್ಷೆಗಳ ಸಾಕ್ಷ್ಯವನ್ನು ಯಾವ ಸಮೀಕರಣವೂ ಅಳಿಸಲಾರದು. ಇನ್ನೂ ಒಂದು ಮಾತು: ಬೇಕಾದ ಅಂಕಿಗಳನ್ನು ಹಾಕಿ ಬೇಕಾದ ಉತ್ತರ ತೆಗೆಯುವುದು ಗಣಿತದಲ್ಲೂ ಸಾಧ್ಯ. ಅಡಿಕೆಯ ಪರವಾಗಿಯೂ ಅದು ನಡೆಯಬಹುದು, ವಿರುದ್ಧವಾಗಿಯೂ ನಡೆಯಬಹುದು.

ಅಂಕಿಗಳು ಯಾರ ಬಾಯಿಂದ?

ಮಾದರಿಯ ಬಲವೆಲ್ಲ ಅದಕ್ಕೆ ಉಣಿಸುವ ಅಂಕಿಗಳಲ್ಲಿದೆ. ಒರತೆಯ ವೇಗ ಅಳೆಯದೆ ಬಾವಿಯ ಲೆಕ್ಕ ಬರೆದರೆ ಅದು ಕಾದಂಬರಿಯಾಗುತ್ತದೆ. ಜಗತ್ತಿನ ಪ್ರಯೋಗಾಲಯಗಳಲ್ಲಿ ಇಂಥ ಅಧ್ಯಯನಕ್ಕೆ ಬಳಕೆಯಾಗುವ ಹೊದಿಕೆ ಕೋಶಗಳ ಪೈಕಿ ಅತಿ ಜನಪ್ರಿಯವಾದ ಒಂದು ತಳಿ ಜರ್ಮನಿಯಲ್ಲಿ ಚರ್ಮದಿಂದ ಬೆಳೆಸಿದ್ದು. ಮೂವತ್ತು ವರ್ಷ ಕವಳ ಹಾಕಿದ ಬೈಂದೂರಿನ ವ್ಯಕ್ತಿಯೊಬ್ಬರ ಕೆನ್ನೆಯ ಒಳಪದರ ಅದರಂತೆಯೇ ವರ್ತಿಸಬೇಕೆಂದೇನೂ ಇಲ್ಲ.

ಹಾಗೆ ನೋಡಿದರೆ ಈ ಮೂರು ತಾಲ್ಲೂಕುಗಳು ಅನುಕೂಲದ ಜಾಗದಲ್ಲಿವೆ. ಬಾಯಿಯ ಗಾಯ ವಾಸಿಯಾಗದೆ ಉಳಿದರೆ ಇಲ್ಲಿನ ಜನ ಬಸ್ಸು ಹತ್ತುವುದು ಮಣಿಪಾಲಕ್ಕೆ. 1953ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು, 1965ರ ದಂತವೈದ್ಯಕೀಯ ಕಾಲೇಜು, ಎಂಜಿನಿಯರಿಂಗ್ ಮತ್ತು ಜೀವವಿಜ್ಞಾನದ ಶಾಲೆಗಳು ಎಲ್ಲವೂ ಅಲ್ಲಿ ಒಂದೇ ಗುಡ್ಡದ ಮೇಲಿವೆ. ರೋಗಿಯ ಒಪ್ಪಿಗೆ ಪಡೆದು, ಪರೀಕ್ಷೆಗೆಂದು ತೆಗೆದ ಅಂಗಾಂಶದ ಚೂರಿನಿಂದ ಕೋಶಗಳನ್ನು ಬೆಳೆಸಿ, ಆತ ಏನನ್ನು, ಎಷ್ಟು ವರ್ಷ, ಯಾವುದರೊಂದಿಗೆ ಸೇರಿಸಿ ಜಗಿದ ಎಂಬ ವಿವರವನ್ನು ಜೊತೆಗಿಟ್ಟರೆ, ಬೆಂಗಳೂರಿನ ಸಮೀಕರಣಗಳಿಗೆ ಕರಾವಳಿಯ ಅಂಕಿ ದೊರೆಯುತ್ತದೆ. ಅಡಿಕೆಯ ಮಾದರಿಗಳಿಗಾಗಿ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಮತ್ತು ಅದರ ವಿಟ್ಲದ ಕೇಂದ್ರ ದೂರವಿಲ್ಲ. ಬ್ರಹ್ಮಾವರದಲ್ಲೇ ವಲಯ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ. ಯಾವ ತೋಟದ, ಯಾವ ಹದದ, ಹೇಗೆ ಒಣಗಿಸಿದ ಅಡಿಕೆ ಎಂಬ ದಾಖಲೆಯೊಂದಿಗೆ ಮಾದರಿ ಸಂಗ್ರಹಿಸಿ ಕೊಡುವ ಕೆಲಸ ಅದರ ಅಳವಿನಲ್ಲಿದೆ.

ಜನರ ಕೊರತೆಯೂ ಇರಬಾರದು. ಕುಂದಾಪುರದಲ್ಲಿ, ಬ್ರಹ್ಮಾವರದಲ್ಲಿ ಪದವಿ ಕಾಲೇಜುಗಳಿವೆ, ಮೂಡ್ಲಕಟ್ಟೆಯಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಕೋಶಗಳ ಗುಂಪಿನ ನಡವಳಿಕೆಯನ್ನು ಓಡಿಸಿ ನೋಡುವ ಕಾಂಪುಸೆಲ್-3ಡಿ, ಫಿಸಿಸೆಲ್ ಮುಂತಾದ ತಂತ್ರಾಂಶಗಳು ಉಚಿತ. ಫಿಸಿಸೆಲ್‌ನಲ್ಲಿ ಸಾಮಾನ್ಯ ಕಂಪ್ಯೂಟರಿನ ಮೇಲೆಯೇ ಲಕ್ಷ ಕೋಶಗಳ ಅಂಗಾಂಶವನ್ನು ಓಡಿಸಬಹುದು. ಆದರೆ ನಮ್ಮ ಪದ್ಧತಿಯಲ್ಲಿ ಜೀವಶಾಸ್ತ್ರ ಓದುವವನು ಪಿಯುಸಿಯಲ್ಲೇ ಗಣಿತಕ್ಕೆ ಬೆನ್ನು ತಿರುಗಿಸಿರುತ್ತಾನೆ, ಕಂಪ್ಯೂಟರ್ ಓದುವವಳು ಎಸ್ಸೆಸ್ಸೆಲ್ಸಿಯ ನಂತರ ಜೀವಕೋಶದ ಚಿತ್ರ ಬಿಡಿಸಿರುವುದಿಲ್ಲ. ಬೆಂಗಳೂರಿನಲ್ಲಿ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು 2000ದಲ್ಲಿ ಸ್ಟ್ರ್ಯಾಂಡ್ ಕಂಪನಿ ಕಟ್ಟಿದಂದಿನಿಂದ ಈ ಎರಡನ್ನೂ ಬಲ್ಲವರಿಗೆ ಕೆಲಸವಿದೆ. ಕ್ಯಾನ್ಸರ್ ರೋಗಿಯ ಕೋಶಜಾಲವನ್ನು ಕಂಪ್ಯೂಟರಿನಲ್ಲಿ ಓಡಿಸಿ ಔಷಧದ ಪರಿಣಾಮ ಊಹಿಸುವ ಸೆಲ್‌ವರ್ಕ್ಸ್‌ನ ಸಂಶೋಧನಾ ತಂಡವೂ ಅಲ್ಲಿದೆ. (ಪಕ್ಕದ ಕೋಟದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಕನ್ನಡದಲ್ಲಿ ಬರೆದಾಗ ಭೌತ, ಜೀವ, ಖಗೋಳ ಎಂದು ಯಾರ ಅನುಮತಿಯನ್ನೂ ಕೇಳಿರಲಿಲ್ಲ.)

ಸರ್ಕಾರಕ್ಕೆ ಕೇಳಬೇಕಾದ್ದು

ಕೇಂದ್ರ ಹೇಳಿದ ಸಂಶೋಧನೆಯ ಬಗ್ಗೆ ಬೆಳೆಗಾರರ ಸಭೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ವರದಿ ಯಾವಾಗ ಬರುತ್ತದೆ, ನಮ್ಮ ಪರವಾಗಿ ಬರುತ್ತದೆಯೇ? ಇದು ಸಹಜ. ಆದರೆ ಭಾರತದ ಸರ್ಕಾರಿ ಸಂಸ್ಥೆಯೊಂದು ‘ಅಡಿಕೆ ನಿರ್ದೋಷಿ’ ಎಂದು ಬರೆದುಕೊಟ್ಟ ಮಾತ್ರಕ್ಕೆ ಲಿಯೋನ್‌ನಲ್ಲಿರುವ ಐಎಆರ್‌ಸಿ ತನ್ನ ಪಟ್ಟಿ ಬದಲಿಸುವುದಿಲ್ಲ. ಅದು ನೋಡುವುದು ಪ್ರಕಟಿತ, ಬೇರೆಯವರು ಪುನಃ ಮಾಡಿ ನೋಡಬಹುದಾದ ಅಧ್ಯಯನಗಳನ್ನು. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ತಂಬಾಕು ಮುಟ್ಟದೆ ಕೇವಲ ಅಡಿಕೆ ಜಗಿದವರ ಗುಂಪನ್ನು ಅಧ್ಯಯನದಲ್ಲಿ ಪ್ರತ್ಯೇಕವಾಗಿ ಇಡಲಾಗಿದೆಯೇ? ಚಾಲಿಗೂ ಕೆಂಪಡಿಕೆಗೂ ಬೇರೆ ಲೆಕ್ಕವಿದೆಯೇ? ಕೃಷಿ ವಿಜ್ಞಾನಿಗಳ ಜೊತೆ ದಂತವೈದ್ಯರು, ಕೋಶವಿಜ್ಞಾನಿಗಳು, ಸಮೀಕರಣ ಬರೆಯುವವರು ಇದ್ದಾರೆಯೇ? ಮೂಲ ಅಂಕಿಗಳನ್ನು ಎಲ್ಲರಿಗೂ ತೆರೆದಿಡಲಾಗುತ್ತದೆಯೇ? ಉತ್ತರ ಬೆಳೆಗಾರರಿಗೆ ಪ್ರತಿಕೂಲವಾಗಿ ಬಂದರೂ ಪ್ರಕಟಿಸುವ ಬದ್ಧತೆ ಇದೆಯೇ?

ಕೊನೆಯ ಪ್ರಶ್ನೆಯನ್ನು ಕೇಳಲು ಬೆಳೆಗಾರರ ಪ್ರತಿನಿಧಿಗಳಿಗೆ ಸಂಕೋಚವಾಗಬಹುದು. ಆದರೆ ಇಲ್ಲಿಂದ ಹೊರಡುವ ಅಡಿಕೆಯ ದೊಡ್ಡ ಪಾಲು ಗುಜರಾತಿಗೆ, ಉತ್ತರ ಭಾರತದ ಸುಪಾರಿ ಮತ್ತು ಪಾನ್ ಮಸಾಲ ಮಾರುಕಟ್ಟೆಗೆ ಹೋಗುತ್ತದೆಯೇ ಹೊರತು ಮದುವೆಯ ವೀಳ್ಯದ ತಟ್ಟೆಗಲ್ಲ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದಾಗ ಬೆಳೆಗಾರರಿಗೆ ಮುನ್ಸೂಚನೆಯೂ ಇರಲಿಲ್ಲ, ಪರ್ಯಾಯವೂ ಇರಲಿಲ್ಲ. ಅಡಿಕೆ ಸಸಿ ನೆಟ್ಟರೆ ಫಸಲು ಕೈಗೆ ಬರಲು ಐದಾರು ವರ್ಷ ಬೇಕು, ಆಮೇಲೆ ಮರ ದಶಕಗಳ ಕಾಲ ನಿಲ್ಲುತ್ತದೆ. ಘಟ್ಟದ ಬುಡದಲ್ಲಿ ಗದ್ದೆ ಏರಿಸಿ ಹೊಸ ತೋಟ ಹಾಕುತ್ತಿರುವ ಯುವ ಕೃಷಿಕನಿಗೆ ಇನ್ನು ಇಪ್ಪತ್ತು ವರ್ಷಗಳ ನಂತರ ಈ ಬೆಳೆಗೆ ಯಾವ ರೂಪದಲ್ಲಿ ಮಾರುಕಟ್ಟೆ ಇರುತ್ತದೆ ಎಂಬ ಅಂದಾಜು ಬೇಕಾಗಿರುವುದು ಸಸಿ ನೆಡುವ ಮೊದಲು.